ಮನೆ ಸಭೆನಾ, ದೊಡ್ಡ ಚರ್ಚಾ? ಎರಡೂ ಕಡೆ ಕೂತು ಬಂದೋಳ ಮಾತು

ಊರಿಂದ ಬೆಂಗಳೂರಿಗೆ ಬರೋ ನಮ್ಮ ಕ್ರೈಸ್ತ ಕುಟುಂಬಗಳನ್ನ ನೋಡಿದೀನಿ, ಮೊದಲು ಬಾಡಿಗೆ ಮನೆ ಹುಡುಕ್ತಾರೆ, ಆಮೇಲೆ ಮಕ್ಕಳಿಗೆ ಸ್ಕೂಲು, ಸಭೆ, ಅಂದ್ರೆ ಆರಾಧನೆಗೆ ಸೇರೋ ಕ್ರೈಸ್ತರ ಬಳಗ, ಹುಡುಕೋದು ಮೂರನೇದು, ಅದೂ ಓಡಾಡಿ ಸುಸ್ತಾಗಿರೋ ಹೊತ್ತಲ್ಲಿ. ಹಾಗಾಗಿ ಮನೆಗೆ ಹತ್ರ ಅಂತಾನೋ, ಜೊತೆಗೆ ಕೆಲಸ ಮಾಡೋರು ಕರೆದ್ರು ಅಂತಾನೋ ಎಲ್ಲೋ ಒಂದು ಕಡೆ ಹೋಗಿ ಕೂತ್ಬಿಡ್ತಾರೆ. ಎರಡು ವರ್ಷ ಆದ್ಮೇಲೆ "ಇಲ್ಲಿ ನಮ್ಮನ್ನ ಕೇಳೋರೇ ಇಲ್ಲ" ಅಂತ ಹೊರಗೆ ಬರ್ತಾರೆ, ಇಲ್ಲಾಂದ್ರೆ "ಇಲ್ಲಿ ಉಸಿರು ಕಟ್ಟುತ್ತೆ" ಅಂತ ಬರ್ತಾರೆ. ಮೊದಲನೇ ಮಾತು ಹೆಚ್ಚಾಗಿ ದೊಡ್ಡ ಚರ್ಚಿಂದ ಬಂದೋರದ್ದು, ಎರಡನೇದು ಮನೆ ಸಭೆಯಿಂದ, ಅಂದ್ರೆ ಯಾರದ್ದಾದ್ರೂ ಮನೇಲಿ ಸೇರೋ ಚಿಕ್ಕ ಸಭೆಯಿಂದ, ಬಂದೋರದ್ದು. ನಾನು ಈ ಎರಡೂ ಮಾತನ್ನ ಅತ್ಕೊಂಡು ಹೇಳಿದೋಳೇ, ಅದಕ್ಕೇ ಇಷ್ಟುದ್ದ ಬರೀತಾ ಇದೀನಿ.

ನಾನು ಹುಟ್ಟಿ ಬೆಳೆದಿದ್ದು ತುಮಕೂರು ಕಡೆ, ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಕುಟುಂಬ, ನಮ್ಮ ತಾತನ ಕಾಲದಲ್ಲಿ ಅದು ಇಂಗ್ಲೆಂಡಿನ ಮೆಥಡಿಸ್ಟರ ವೆಸ್ಲಿಯನ್ ಮಿಷನ್ ಸಭೆ. ಭಾನುವಾರ ಬೆಳಿಗ್ಗೆ ಗಂಟೆ ಹೊಡೆದ್ರೆ ಬೀದಿಗೆಲ್ಲಾ ಕೇಳೋದು. 2009ರಲ್ಲಿ ಕೆಲಸಕ್ಕೆ ಬೆಂಗಳೂರಿಗೆ ಬಂದೆ, ಆರು ವರ್ಷ ಒಂದು ದೊಡ್ಡ ಚರ್ಚಿನ ಕನ್ನಡ ಆರಾಧನೆಗೆ ಹೋದೆ, ಆಮೇಲೆ ಮದುವೆ ಆಗಿ ಪೀಣ್ಯ ಕಡೆ ಬಂದ್ವಿ, ಅಲ್ಲಿ ಹಲವು ವರ್ಷ ಮನೆ ಸಭೆ, ಅದರಲ್ಲೂ ಎರಡು ಬೇರೆ ಬೇರೆ ಮನೆ ಸಭೆ, ಒಂದರಲ್ಲಿ ತುಂಬಾ ನೊಂದ್ವಿ, ಇನ್ನೊಂದರಲ್ಲಿ ಜೀವ ಬಂತು. ಈಗ ಮತ್ತೆ ದೊಡ್ಡ ಸಭೆ, ಜೊತೆಗೆ ಗುರುವಾರ ಸಂಜೆ ಮನೇಲಿ ಪ್ರಾರ್ಥನೆ.

ಇಷ್ಟು ಸುತ್ತಿ ಬಂದ್ಮೇಲೆ ನನಗೆ ಅನ್ಸಿದ್ದು, ಸಭೆ ದೊಡ್ಡದೋ ಚಿಕ್ಕದೋ ಅನ್ನೋದು ಆಮೇಲಿನ ಮಾತು. ಮೊದಲು ಎರಡು ವಿಷಯ ನೋಡ್ಬೇಕು. ನೀವು ಬೀಳೋ ಹೊತ್ತಲ್ಲಿ ನಿಮ್ಮನ್ನ ಹಿಡ್ಕೊಳ್ಳೋಕೆ ಹತ್ತಿರ ಯಾರಾದ್ರೂ ಇದಾರಾ? ಮುಂದೆ ನಿಂತು ವಾಕ್ಯ ಹೇಳೋರು ದಾರಿ ತಪ್ಪಿದ್ರೆ ಅವರನ್ನ ಹಿಡಿಯೋಕೆ ಯಾರಾದ್ರೂ ಇದಾರಾ? ಮನೆ ಸಭೆಗೆ ಮೊದಲನೇದು ತಾನಾಗೇ ಬರುತ್ತೆ, ಎರಡನೇದಕ್ಕೆ ಕಷ್ಟಪಡ್ಬೇಕು. ದೊಡ್ಡ ಸಭೆಗೆ ಎರಡನೇದು ಇರೋ ಸಾಧ್ಯತೆ ಜಾಸ್ತಿ, ಮೊದಲನೇದಕ್ಕೆ ನೀವೇ ಬೆವರು ಸುರಿಸ್ಬೇಕು. ಬಾಕಿ ಎಲ್ಲಾ, ಅಂದ್ರೆ ಹಾಡು, ಎಸಿ, ಪಾರ್ಕಿಂಗು, ಆಮೇಲೆ.

ಮೊದಲು ದೊಡ್ಡ ಚರ್ಚಿನ ವಿಷಯ. ಕಾರ್ಪೊರೇಷನ್ ಸರ್ಕಲ್ ಹತ್ರ ಇರೋ ಹಡ್ಸನ್ ಮೆಮೋರಿಯಲ್ ಚರ್ಚನ್ನ ಬೆಂಗಳೂರಲ್ಲಿ ಓಡಾಡೋರು ನೋಡೇ ಇರ್ತಾರೆ, ಕಲ್ಲಿನ ಕಟ್ಟಡ, 1904ರದ್ದು, ಕನ್ನಡದಲ್ಲಿ ಆರಾಧನೆ. ಹಂಗೇ ಅವೆನ್ಯೂ ರೋಡಲ್ಲಿ ರೈಸ್ ಮೆಮೋರಿಯಲ್. ಇಂಥ ಕಡೆ ಹೋಗಿ ಕೂತಾಗ ಬರೋ ಒಂದು ಭಾವನೆ ಇದೆಯಲ್ಲ, ನಾನು ಒಬ್ಬಳೇ ಅಲ್ಲ, ನಮ್ಮಜ್ಜಿ ಹಾಡಿದ ಕೀರ್ತನೆನೇ ನಾನೂ ಹಾಡ್ತಾ ಇದೀನಿ, ಮುಂದೆ ನನ್ನ ಮಗಳೂ ಹಾಡ್ತಾಳೆ ಅನ್ನೋದು, ಅದು ಸಣ್ಣ ವಿಷಯ ಅಲ್ಲ. ಊರು ಬಿಟ್ಟು ಬಂದ ಮೊದಲ ವರ್ಷ ನನ್ನನ್ನ ಹಿಡಿದಿಟ್ಟಿದ್ದೇ ಅದು. ಪಿ.ಜಿ.ಲಿ ಇದ್ದೆ, ಯಾರೂ ಗೊತ್ತಿರ್ಲಿಲ್ಲ, ಆದ್ರೆ ಭಾನುವಾರ ಪಾಪ ಅರಿಕೆ ಮಾಡೋವಾಗ ಇಡೀ ಸಭೆ ಒಂದೇ ದನೀಲಿ ಹೇಳೋ ಆ ಮಾತುಗಳು ನನಗೆ ಬಾಯಿಪಾಠ, ಊರಲ್ಲೂ ಅದೇ, ಇಲ್ಲೂ ಅದೇ. ಸಿ.ಎಸ್.ಐ. ಹುಟ್ಟಿದ್ದು 1947ರ ಸೆಪ್ಟೆಂಬರ್ 27ಕ್ಕೆ, ಸ್ವಾತಂತ್ರ್ಯ ಬಂದು ಒಂದೂವರೆ ತಿಂಗಳಿಗೆ. ಆಂಗ್ಲಿಕನ್ನು, ಮೆಥಡಿಸ್ಟು, ಪ್ರೆಸ್ಬಿಟೇರಿಯನ್ನು, ಕಾಂಗ್ರಿಗೇಷನಲ್ಲು ಅಂತ ಬೇರೆ ಬೇರೆ ಇದ್ದೋರು ಮದ್ರಾಸಲ್ಲಿ ಒಂದಾದ್ರು. ನಮ್ಮ ತಾತ ಇದನ್ನ ಹೇಳೋವಾಗ ಅವರ ಮುಖದಲ್ಲಿ ಇರ್ತಿದ್ದ ಹೆಮ್ಮೆ ನನಗೆ ಇನ್ನೂ ನೆನಪಿದೆ.

ಆದ್ರೆ ಅದೇ ಸಭೇಲಿ, ಆರು ವರ್ಷದಲ್ಲಿ, ನನ್ನ ಹೆಸರು ಗೊತ್ತಿದ್ದೋರು ಎಷ್ಟು ಜನ ಅಂತ ಲೆಕ್ಕ ಹಾಕಿದ್ರೆ ಒಂದು ಕೈ ಬೆರಳು ಸಾಕು. ಆರಾಧನೆ ಮುಗೀತು, ಅಯ್ಯನೋರು, ಅಂದ್ರೆ ನಮ್ಮ ಪಾದ್ರಿ, ಬಾಗಿಲ ಹತ್ರ ನಿಂತು ಕೈ ಕೊಡ್ತಾರೆ, ಹಿಂದೆ ನೂರು ಜನ ಕ್ಯೂ, "ಚೆನ್ನಾಗಿದೀಯಾಮ್ಮ?" "ಚೆನ್ನಾಗಿದೀನಿ ಅಯ್ಯನೋರೇ", ಅಷ್ಟೇ. 2014ರಲ್ಲಿ ನನಗೆ ಟೈಫಾಯಿಡ್ ಆಗಿ ಐದು ವಾರ ಚರ್ಚಿಗೆ ಹೋಗ್ಲಿಲ್ಲ. ಆರನೇ ವಾರ ಹೋದಾಗ ಪಕ್ಕದಲ್ಲಿ ಕೂರ್ತಿದ್ದ ಆಂಟಿ ನಕ್ಕು ಹಾಡಿನ ಪುಸ್ತಕ ಕೊಟ್ರು, ನಾನು ಬಂದಿರ್ಲಿಲ್ಲ ಅನ್ನೋದೇ ಅವರಿಗೆ ಗೊತ್ತಾಗಿರ್ಲಿಲ್ಲ. ಅವರ ಮೇಲೆ ನನಗೆ ಬೇಜಾರಿಲ್ಲ, ಅವರಿಗೆ ಹೇಗೆ ಗೊತ್ತಾಗುತ್ತೆ, ಎಂಟುನೂರು ಜನರಲ್ಲಿ ಒಬ್ಬಳು ಕಮ್ಮಿ ಆದ್ರೆ ಬೆಂಚು ಖಾಲಿ ಕಾಣಲ್ಲ.

ಈಗ ಮನೆ ಸಭೆ. ಇದನ್ನ ಹತ್ತಿರದಿಂದ ತೋರಿಸ್ತೀನಿ, ಯಾಕಂದ್ರೆ ಇದನ್ನ ನೋಡದೇ ಇರೋರು "ಅದೇನು ಚರ್ಚಾ?" ಅಂತ ಕೇಳ್ತಾರೆ. ಎರಡನೇ ಮಹಡಿ, ಹೊರಗಿನ ಮೆಟ್ಟಿಲು, ಮೆಟ್ಟಿಲಿಗೊಂದು ಜೊತೆ ಚಪ್ಪಲಿ. ಮೂರನೇ ಮೆಟ್ಟಿಲಲ್ಲಿ ಗಾರ್ಮೆಂಟ್ಸ್ ಅಕ್ಕಂದು, ಅದರ ಮೇಲೆ ಆಟೋ ಅಣ್ಣಂದು. ಒಳಗೆ ಹನ್ನೆರಡು ಬೈ ಹದಿನಾಲ್ಕರ ಹಾಲು, ಸೋಫಾನ ಎತ್ತಿ ರೂಮಲ್ಲಿ ನಿಲ್ಲಿಸಿರ್ತಾರೆ, ನೆಲಕ್ಕೆ ಜಮಖಾನ, ಟಿವಿ ಮೇಲೆ ಒಂದು ಬಟ್ಟೆ. ಇಪ್ಪತ್ತು ಇಪ್ಪತ್ತೆರಡು ಜನ. ಒಂದು ಕಂಜರ, ಚಪ್ಪಾಳೆ, ಅಷ್ಟೇ ವಾದ್ಯ. ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳೋ ಕರ್ತನ ಭೋಜನದ ದಿನ ಆ ಮನೆ ಆಂಟಿ ಬೆಳಿಗ್ಗೆ ಎದ್ದು ಉಪ್ಪು ಹುಳಿ ಹಾಕದೆ ಒಂದು ದಪ್ಪ ಚಪಾತಿ ಸುಡೋರು, ಕಪ್ಪು ದ್ರಾಕ್ಷಿನ ಹಿಂದಿನ ರಾತ್ರಿನೇ ಕುದಿಸಿ ಸೋಸಿ ಇಟ್ಟಿರೋರು, ಸ್ಟೀಲ್ ತಟ್ಟೇಲಿ ಬಿಳಿ ಕರವಸ್ತ್ರ ಮುಚ್ಚಿ ತರೋರು. ಆ ರೊಟ್ಟಿ ಮುರಿಯೋವಾಗ ಸಣ್ಣ ಶಬ್ದ ಬರುತ್ತೆ. ದೊಡ್ಡ ಚರ್ಚಲ್ಲಿ ನಾನು ಆ ಶಬ್ದ ಯಾವತ್ತೂ ಕೇಳಿರ್ಲಿಲ್ಲ, ಅಲ್ಲಿ ದೂರ. ಇಲ್ಲಿ ನನ್ನಿಂದ ಮೂರಡಿ.

ಆಮೇಲೆ ಎಲ್ಲರೂ ಒಬ್ಬೊಬ್ಬರಾಗಿ ವಾರದ ಕಥೆ ಹೇಳ್ತಾರೆ. ಸಾಲ ತೀರಿದ್ದು, ಗಂಡ ಮತ್ತೆ ಕುಡಿಯೋಕೆ ಶುರು ಮಾಡಿದ್ದು, ಪಿ.ಯು. ಫೇಲಾದ ಮಗ ಮನೇಲಿ ಮಾತಾಡ್ದೇ ಇರೋದು. ನಮಗೆ ಮೊದಲನೇ ಮಗು ಐದನೇ ತಿಂಗಳಲ್ಲಿ ಹೋಯ್ತು. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಆ ಸಭೆಯ ಮೂರು ಜನ ಹೆಂಗಸರು ಬಂದ್ರು, ಯಾರೂ ವಾಕ್ಯ ಹೇಳ್ಲಿಲ್ಲ, "ದೇವರ ಚಿತ್ತ" ಅಂತ ಅನ್ಲಿಲ್ಲ, ಒಬ್ರು ಪಾತ್ರೆ ತೊಳೆದ್ರು, ಒಬ್ರು ಬಟ್ಟೆ ನೆನೆಹಾಕಿದ್ರು, ಇನ್ನೊಬ್ರು ನನ್ನ ಕಾಲ ಹತ್ರ ಸುಮ್ನೆ ಕೂತಿದ್ರು. ಹತ್ತು ದಿನ ಸರದಿ ಮೇಲೆ ಸಾರು ಅನ್ನ ಬಂತು. 2020ರ ಲಾಕ್‌ಡೌನಲ್ಲೂ ಹಂಗೇ, ದೊಡ್ಡ ಚರ್ಚುಗಳು ಯೂಟ್ಯೂಬಲ್ಲಿ ಲೈವ್ ಕೊಟ್ವು, ಅದು ಒಳ್ಳೇದೇ, ಎಷ್ಟೋ ಜನಕ್ಕೆ ಅದೇ ಆಧಾರ, ಆದ್ರೆ ಸಭೆ ನಡೆಸ್ತಿದ್ದ ನಮ್ಮ ಅಂಕಲ್ ದಿನಾ ಬೆಳಿಗ್ಗೆ ಸಭೆಯ ಎಲ್ಲಾ ಮನೆಗೂ ಫೋನ್ ಮಾಡೋರು, ಅಕ್ಕಿ ಇದೆಯಾ ಅಂತ ಮೊದಲು ಕೇಳಿ ಆಮೇಲೆ ಪ್ರಾರ್ಥನೆ ಮಾಡೋರು.

ಮನೆ ಸಭೆ ಅನ್ನೋದು ಹೊಸ ಫ್ಯಾಷನ್ ಅಲ್ಲ, ಇದನ್ನ ಹೇಳಲೇಬೇಕು. ರೋಮಾಪುರದೋರಿಗೆ ಬರೆದ ಪತ್ರದ 16ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲ, ಪ್ರಿಸ್ಕ, ಅಕ್ವಿಲ ಅವರ ಮನೇಲಿ ಕೂಡೋ ಸಭೆಗೆ ವಂದನೆ ಕಳಿಸ್ತಾನೆ, ಫಿಲೆಮೋನನ ಮನೇಲೂ ಒಂದು ಸಭೆ ಇತ್ತು. ಸಿರಿಯಾದ ಯೂಫ್ರಟಿಸ್ ನದಿ ದಡದ ದುರಾ ಯೂರೋಪೋಸ್ ಅನ್ನೋ ಊರಲ್ಲಿ ಮೂರನೇ ಶತಮಾನದ ಒಂದು ಮನೆ ಸಿಕ್ಕಿದೆ, 1930ರ ದಶಕದಲ್ಲಿ ಅಗೆದಾಗ ಸಿಕ್ಕಿದ್ದು, ಎರಡು ಕೋಣೆ ನಡುವಿನ ಗೋಡೆ ಒಡೆದು ಒಂದೇ ಹಾಲ್ ಮಾಡ್ಕೊಂಡಿದ್ರು, ಇನ್ನೊಂದು ಕೋಣೇಲಿ ದೀಕ್ಷಾಸ್ನಾನದ (ಬ್ಯಾಪ್ಟಿಸಂ) ತೊಟ್ಟಿ. ನಮ್ಮ ಆಂಟಿ ಸೋಫಾ ಎತ್ತಿಟ್ಟ ಹಾಗೇನೇ. ಆದ್ರೆ ಇದನ್ನ ಹಿಡ್ಕೊಂಡು "ಮನೆ ಸಭೆ ಮಾತ್ರ ಬೈಬಲ್ ಪ್ರಕಾರ, ಕಟ್ಟಡ ಕಟ್ಟೋದೆಲ್ಲಾ ಮನುಷ್ಯರದ್ದು" ಅಂತ ಹೇಳೋರಿದಾರೆ, ಅದು ನನಗೆ ಒಪ್ಪಿಗೆ ಇಲ್ಲ. ಅಪೊಸ್ತಲರ ಕೃತ್ಯಗಳು 2:46 ಪೂರ್ತಿ ಓದಿ. ಅವರು ದಿನಾ ದೇವಾಲಯದಲ್ಲೂ ಸೇರ್ತಿದ್ರು, ಮನೆಗಳಲ್ಲೂ ರೊಟ್ಟಿ ಮುರೀತಿದ್ರು. ಒಂದೇ ವಚನದಲ್ಲಿ ಎರಡೂ ಇದೆ.

ನಮ್ಮ ವೆಸ್ಲಿಯನ್ ಹಿನ್ನೆಲೆದೇ ಒಂದು ವಿಷಯ ಇದೆ, ಇದು ಗೊತ್ತಾದಾಗ ನನಗೆ ಬಹಳ ಖುಷಿಯಾಯ್ತು. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲಲ್ಲಿ, ಮೆಥಡಿಸ್ಟ್ ಚಳವಳಿ ಶುರು ಮಾಡಿದ ಜಾನ್ ವೆಸ್ಲಿಯ ಗುಂಪಿಗೆ ಪ್ರಾರ್ಥನಾ ಮಂದಿರ ಕಟ್ಟಿದ ಸಾಲ ಇತ್ತು. ಎಲ್ಲರೂ ವಾರಕ್ಕೆ ಒಂದು ಪೆನ್ನಿ ಕೊಡೋಣ ಅಂತ ಒಬ್ಬರು ಸಲಹೆ ಕೊಟ್ರು, ಬಡವರ ಕೈಲಿ ಆಗಲ್ಲ ಅಂದಾಗ ಅವರೇ, ನನಗೆ ಹನ್ನೊಂದು ಜನರನ್ನ ವಹಿಸಿ, ನಾನು ವಾರವಾರ ಹೋಗಿ ನೋಡ್ತೀನಿ, ಅವರ ಕೈಲಿ ಆಗದಿದ್ರೆ ನಾನೇ ತುಂಬ್ತೀನಿ ಅಂದ್ರಂತೆ. ಹಂಗೆ ದುಡ್ಡು ವಸೂಲಿಗೆ ಹೋದೋರು ಆ ಮನೆಗಳ ಕಷ್ಟ ಕಣ್ಣಾರೆ ನೋಡಿದ್ರು, ಅಲ್ಲಿಂದಲೇ ಹನ್ನೆರಡು ಜನರ ಕ್ಲಾಸ್ ಮೀಟಿಂಗ್ ಅನ್ನೋದು ಹುಟ್ಟಿದ್ದು. ಅಂದ್ರೆ ದೊಡ್ಡ ಕಟ್ಟಡದ ಸಾಲದಿಂದ ಚಿಕ್ಕ ಗುಂಪು ಹುಟ್ತು. ಆ ಮಿಷನ್ನೇ ನಮ್ಮ ಮೈಸೂರು ಸೀಮೆಗೆ ಬಂದಿದ್ದು. ನಮ್ಮ ದೊಡ್ಡ ಚರ್ಚುಗಳು ಕಟ್ಟಡ ಉಳಿಸ್ಕೊಂಡು ಹನ್ನೆರಡು ಜನರ ಗುಂಪನ್ನ ಮರೆತಿವೆ, ಇದು ನನ್ನ ನೋವು. ಕ್ಯಾಥೊಲಿಕ್ ಸ್ನೇಹಿತರ ಕಡೆ ಇದು ಸ್ವಲ್ಪ ಉಳ್ಕೊಂಡಿದೆ, ಮಂಗಳೂರು ಕಡೆ ಪ್ಯಾರಿಷನ್ನ (ಒಂದು ಚರ್ಚಿಗೆ ಸೇರಿದ ಪ್ರದೇಶನ) ವಾರ್ಡುಗಳಾಗಿ ಹಂಚಿ ವಾರ್ಡಿಗೊಬ್ಬ ಗುರ್ಕಾರ ಅಂತ ಇರ್ತಾರೆ, ಯಾರ ಮನೇಲಿ ಕಾಯಿಲೆ ಅಂತ ಅವರಿಗೆ ಗೊತ್ತಿರುತ್ತೆ.

ಈಗ ಕಷ್ಟದ ಭಾಗ. ನಾವು ಹೋದ ಮೊದಲನೇ ಮನೆ ಸಭೆ ಇದಲ್ಲ, ಬೇರೆ. ಅಲ್ಲಿ ಹದಿನೈದು ಜನ, ಒಬ್ರು ಬ್ರದರ್ ನಡೆಸ್ತಿದ್ರು, ಚೆನ್ನಾಗಿ ವಾಕ್ಯ ಹೇಳೋರು, ಅದರಲ್ಲಿ ಎರಡು ಮಾತಿಲ್ಲ. ಆರು ತಿಂಗಳು ಆದ್ಮೇಲೆ ಶುರುವಾಯ್ತು. ಊರಿಗೆ ಹೋಗೋ ಮುಂಚೆ ಹೇಳಿ ಹೋಗ್ಬೇಕು, ಬೇರೆ ಸಭೆಯ ಉಪವಾಸ ಪ್ರಾರ್ಥನೆಗೆ ಹೋಗಂಗಿಲ್ಲ, ನನ್ನ ತಂಗಿಗೆ ಬಂದ ಸಂಬಂಧಕ್ಕೆ "ಕರ್ತನು ಬೇಡ ಅಂತಿದಾನೆ" ಅಂತ ಅವರೇ ಹೇಳಿದ್ರು. ದಶಮಾಂಶ, ಅಂದ್ರೆ ಆದಾಯದ ಹತ್ತರಲ್ಲೊಂದು ಭಾಗ, ಅವರ ಸ್ವಂತ ಅಕೌಂಟಿಗೆ ಫೋನ್‌ಪೇ. ನಮ್ಮನೆಯವರು ಒಂದ್ಸಲ, ವರ್ಷಕ್ಕೆ ಒಂದು ಲೆಕ್ಕ ಬರೆದು ತೋರಿಸಿದ್ರೆ ಚೆನ್ನಾಗಿರುತ್ತೆ ಬ್ರದರ್ ಅಂತ ವಿನಯವಾಗೇ ಕೇಳಿದ್ರು. ಮುಂದಿನ ಭಾನುವಾರದ ಸಂದೇಶ ಪೂರ್ತಿ, ಬೈಬಲಲ್ಲಿ ಮಿರ್ಯಾಮಳು ಜನರ ನಾಯಕ ಮೋಶೆ ವಿರುದ್ಧ ಮಾತಾಡಿ ಕುಷ್ಠ ಬಂದ ಕಥೆ, ಹದಿನೈದು ಜನ ಕೂತಿರೋ ಕೋಣೇಲಿ ಅದು ಯಾರಿಗೆ ಅಂತ ಎಲ್ಲರಿಗೂ ಗೊತ್ತು. ಅವತ್ತು ಮೆಟ್ಟಿಲು ಇಳಿಯೋವಾಗ ನಮ್ಮನೆಯವರ ಕೈ ನಡುಗ್ತಿತ್ತು.

ಅವರನ್ನ ಕೇಳೋರು ಯಾರೂ ಇರ್ಲಿಲ್ಲ, ಹಿರಿಯರು ಅಂತ ಯಾರಿಲ್ಲ, ಮೇಲೆ ಯಾವ ಸಂಸ್ಥೆ ಇಲ್ಲ, ನಾವು ದೂರು ಹೇಳ್ಬೇಕು ಅಂದ್ರೂ ಹೇಳೋಕೆ ಜಾಗ ಇಲ್ಲ. ಇದೂ ಹೊಸದಲ್ಲ. ಯೋಹಾನನ ಮೂರನೇ ಪತ್ರ ಒಂದೇ ಅಧ್ಯಾಯ, ಅದರಲ್ಲಿ ದಿಯೊತ್ರೇಫ ಅನ್ನೋನು ಬರ್ತಾನೆ, ಸಭೇಲಿ ತಾನೇ ಮೊದಲು ಅನ್ನೋನು, ತನಗೆ ಆಗದೋರನ್ನ ಹೊರಗೆ ಹಾಕ್ತಿದ್ದೋನು. ಆ ಕಾಲದ ಸಭೆಗಳು ಮನೆಗಳಲ್ಲೇ ಕೂಡ್ತಿದ್ದಿದ್ದು. ಅದಕ್ಕೇ ಹೇಳ್ತೀನಿ, ಮನೆ ಸಭೆಗೆ ಹೋಗೋ ಮುಂಚೆ ಇದನ್ನ ಬಾಯಿಬಿಟ್ಟು ಕೇಳಿ: ನೀವು ಒಬ್ರೇನಾ, ಜೊತೆಗೆ ಹಿರಿಯರು ಯಾರಿದಾರೆ? ನಿಮಗೆ ಬುದ್ಧಿ ಹೇಳೋರು ಯಾರು? ಕಾಣಿಕೆ ಯಾರ ಹೆಸರಿನ ಅಕೌಂಟಿಗೆ ಹೋಗುತ್ತೆ? ಒಳ್ಳೇ ಮನುಷ್ಯ ಆದ್ರೆ ಈ ಪ್ರಶ್ನೆಗೆ ಸಂತೋಷಪಡ್ತಾರೆ. ನಾವು ಎರಡನೇ ಮನೆಗೆ ಹೋದಾಗ ಅಂಕಲ್ ಎದ್ದು ಹೋಗಿ ಒಂದು ಉದ್ದ ನೋಟ್‌ಬುಕ್ ತಂದು ಕೈಗೆ ಕೊಟ್ರು, ಯಾವ ತಿಂಗಳು ಎಷ್ಟು ಬಂತು, ಯಾವ ವಿಧವೆಗೆ ಎಷ್ಟು ಕೊಟ್ರು, ಜಮಖಾನಕ್ಕೆ ಎಷ್ಟು, ಎಲ್ಲಾ ನೀಲಿ ಇಂಕಲ್ಲಿ, ಪ್ರತಿ ಪುಟದ ಕೆಳಗೆ ಇಬ್ಬರ ಸಹಿ.

ಹಾಗಂತ ದೊಡ್ಡದೆಲ್ಲಾ ಸುರಕ್ಷಿತ ಅಂತಲ್ಲ. ದೊಡ್ಡ ಸಭೆಗಳಲ್ಲೇ ಎರಡು ಬಗೆ. ಒಂದು ಸಿ.ಎಸ್.ಐ., ಮೆಥಡಿಸ್ಟ್ ಥರದ್ದು, ಅಲ್ಲಿ ಅಯ್ಯನೋರು ಕೆಲವು ವರ್ಷಕ್ಕೆ ವರ್ಗ ಆಗ್ತಾರೆ, ಸಭಾ ಕಮಿಟಿ ಚುನಾವಣೆಯಿಂದ ಬರುತ್ತೆ, ಲೆಕ್ಕ ಮಹಾಸಭೆ ಮುಂದೆ ಬರುತ್ತೆ. ಚುನಾವಣೆ ಹೊತ್ತಲ್ಲಿ ಜಗಳ, ಗುಂಪು, ಕೋರ್ಟು ಎಲ್ಲಾ ಆಗುತ್ತೆ, ಮನಸ್ಸಿಗೆ ನೋವಾಗುತ್ತೆ, ಆದ್ರೆ ಪ್ರಶ್ನೆ ಕೇಳೋಕೆ ಒಂದು ಮೈಕಾದ್ರೂ ಇರುತ್ತೆ. ಇನ್ನೊಂದು ಒಬ್ಬರೇ ಪಾಸ್ಟರ್ ಶುರು ಮಾಡಿ ಬೆಳೆಸಿದ ದೊಡ್ಡ ಸ್ವತಂತ್ರ ಸಭೆ, ಸಾವಿರಾರು ಜನ, ದೊಡ್ಡ ಸ್ಕ್ರೀನು, ಕೆಲವು ಕಡೆ ಟ್ರಸ್ಟಲ್ಲಿ ಇರೋದು ಗಂಡ, ಹೆಂಡತಿ, ಮಗ. ಅಲ್ಲಿ ಜನ ಜಾಸ್ತಿ ಅನ್ನೋದು ಬಿಟ್ರೆ ಹಿಡಿಯೋರು ಯಾರೂ ಇಲ್ಲ, ಅದು ಗಾತ್ರ ದೊಡ್ಡದಾಗಿರೋ ಆ ಹದಿನೈದು ಜನರ ಕೋಣೆನೇ. ಹಂಗೇ ಚಿಕ್ಕ ಸಭೆಗಳಲ್ಲಿ ಒಬ್ಬರ ಕೈಲಿ ಎಲ್ಲಾ ಇರಬಾರದು ಅಂತ ಮೊದಲಿಂದ ಎಚ್ಚರ ಇರೋವೂ ಇವೆ, ಬ್ರದರನ್ ಸಭೆಗಳಲ್ಲಿ ಸಂಬಳದ ಪಾಸ್ಟರ್ ಬದಲು ಹಿರಿಯರು ಸೇರಿ ನಡೆಸ್ತಾರೆ. ಸುವಾರ್ತೆ ಸಾರ್ತಿದ್ದ ಭಕ್ತ್ ಸಿಂಗ್ ಅವರು 1941ರಲ್ಲಿ ಮದ್ರಾಸಲ್ಲಿ ಶುರು ಮಾಡಿದ ಸಭೆಗಳ ಕಡೆಯೋರೂ ಹಂಗೆ, ಭಾನುವಾರ ಎಲ್ಲರೂ ಸಾಲಾಗಿ ನೆಲದ ಮೇಲೆ ಕೂತು ಊಟ ಮಾಡೋ ಪ್ರೀತಿ ಭೋಜನ ಅವರದ್ದು. ಆದ್ದರಿಂದ ಬೋರ್ಡು ನೋಡ್ಬೇಡಿ, ಒಳಗಿನ ವ್ಯವಸ್ಥೆ ನೋಡಿ.

ಮದುವೆ ಮತ್ತು ಮಣ್ಣು, ಅಂದ್ರೆ ತೀರಿಕೊಂಡೋರನ್ನ ಮಣ್ಣು ಮಾಡೋದು, ಇದನ್ನ ಯಾರೂ ಮೊದಲು ಯೋಚನೆ ಮಾಡಲ್ಲ. ಕ್ರೈಸ್ತ ಮದುವೆಗೆ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ ಇದೆ, ತಮ್ಮ ಸಭೆಯಿಂದ ಅಭಿಷೇಕ ಆದ ಪಾದ್ರಿಗಳು, ಲೈಸೆನ್ಸ್ ಇರೋ ಸೇವಕರು, ಇಲ್ಲಾ ಮ್ಯಾರೇಜ್ ರಿಜಿಸ್ಟ್ರಾರ್, ಹೀಗೆ ಕಾಯ್ದೆ ಹೇಳಿದೋರು ಮಾತ್ರ ಮಾಡಿಸ್ಬೋದು. ಅಧಿಕಾರ ಇಲ್ದೇ ಮಾಡಿಸಿದ್ರೆ ಅಪರಾಧ. ಮನೆ ಸಭೆಯ ಬ್ರದರ್ ಎಷ್ಟೇ ಒಳ್ಳೆಯೋರಾಗಿರ್ಲಿ, ಅವರಿಗೆ ಆ ಅಧಿಕಾರ ಇಲ್ಲಾಂದ್ರೆ ನಾಳೆ ಪಾಸ್‌ಪೋರ್ಟಿಗೆ, ವೀಸಾಗೆ, ಆಸ್ತಿಗೆ ಮದುವೆ ಸರ್ಟಿಫಿಕೇಟ್ ಬೇಕು ಅಂದಾಗ ಹೆಣ್ಣುಮಗಳು ಕಚೇರಿ ಅಲೀಬೇಕಾಗುತ್ತೆ. ಕೇಳ್ಕೊಳ್ಳಿ. ಲೈಸೆನ್ಸ್ ಇರೋ ಮನೆ ಸಭೆ ಪಾಸ್ಟರುಗಳೂ ಇದಾರೆ, ಇಲ್ದೋರು ಗೊತ್ತಿರೋ ಚರ್ಚಿನ ಅಯ್ಯನೋರನ್ನ ಕರೆಸ್ತಾರೆ, ಅದೂ ಸರಿನೇ.

ಮಣ್ಣಿನ ವಿಷಯ ನಮ್ಮಪ್ಪ ತೀರಿಕೊಂಡಾಗ ಕಲಿತೆ. ಅಪ್ಪ ಊರಲ್ಲೇ, ಅದೇ ಸಭೆಯ ಸದಸ್ಯರು, ರಾತ್ರಿ ಹನ್ನೊಂದಕ್ಕೆ ಹೋದ್ರು. ಬೆಳಿಗ್ಗೆ ಆರಕ್ಕೆ ಚರ್ಚಿನ ಗಂಟೆ ಹೊಡೀತು, ನಿಧಾನಕ್ಕೆ, ಒಂದೊಂದೇ ಏಟು. ಏಳಕ್ಕೆ ಸ್ಮಶಾನದಲ್ಲಿ ಗುಂಡಿ ತೋಡೋಕೆ ಶುರುವಾಗಿತ್ತು, ನಾವು ಯಾರಿಗೂ ಹೇಳ್ಬೇಕಾಗ್ಲಿಲ್ಲ, ಕೊಯರಿನೋರು ತಾವೇ ಬಂದು ಅಪ್ಪನಿಗೆ ಇಷ್ಟದ ಕೀರ್ತನೆ ಹಾಡಿದ್ರು. ಅದೇ ವರ್ಷ ನಮ್ಮ ಮನೆ ಸಭೆಯ ಆಟೋ ಅಣ್ಣನ ತಾಯಿ ಬೆಂಗಳೂರಲ್ಲಿ ಹೋದಾಗ, ಯಾವ ಸಭೆಯ ಸದಸ್ಯರು, ಪತ್ರ ಎಲ್ಲಿ ಅಂತ ಕೇಳಿದ್ರು, ಜಾಗ ಸಿಗೋಕೆ ಮಧ್ಯಾಹ್ನ ಮೂರಾಯ್ತು, ಅಷ್ಟು ಹೊತ್ತು ಆ ಅಣ್ಣ ಮೊಬೈಲ್ ಹಿಡ್ಕೊಂಡು ಗೇಟ್ ಹತ್ರ ನಿಂತಿದ್ದನ್ನ ನಾನು ಮರೆಯಲ್ಲ. ನಗರದಲ್ಲಿ ಕ್ರೈಸ್ತ ಸ್ಮಶಾನಗಳು ತುಂಬಿವೆ, ಸದಸ್ಯತ್ವ ಕೇಳ್ತಾರೆ. ಮನೇಲಿ ವಯಸ್ಸಾದೋರಿದ್ರೆ ಈ ಪ್ರಶ್ನೆನ ಮನೆ ಸಭೆಯ ಮುಖ್ಯಸ್ಥರ ಹತ್ರ ಈಗಲೇ ಕೇಳಿ, ನಾಚ್ಕೋಬೇಡಿ. ಊರಿನ ಹಳೇ ಸಭೆಯ ಸದಸ್ಯತ್ವ ಬಿಡದೆ ಚಂದಾ ಕಟ್ಟಿಕೊಂಡು ಬರೋದೂ ಒಂದು ದಾರಿ, ತುಂಬಾ ಜನ ಹಂಗೇ ಮಾಡ್ತಾರೆ.

ಮಕ್ಕಳಿರೋರಿಗೆ ಎರಡು ಮಾತು. ದೊಡ್ಡ ಸಭೇಲಿ ವಯಸ್ಸಿಗೆ ತಕ್ಕ ಸಂಡೇ ಸ್ಕೂಲು, ಯೂತ್ ಗ್ರೂಪು, ವಿ.ಬಿ.ಎಸ್. (ರಜೆಯ ಬೈಬಲ್ ಶಾಲೆ) ಎಲ್ಲಾ ಸಿಗುತ್ತೆ, ಜೊತೆಗಾರರು ಸಿಗ್ತಾರೆ. ಮನೆ ಸಭೇಲಿ ಇಡೀ ಸಭೆಗೆ ಮೂರು ಮಕ್ಕಳಿದ್ರೆ ಹದಿಮೂರು ವರ್ಷದ ಹುಡುಗಿ ಎರಡು ಗಂಟೆ ದೊಡ್ಡೋರ ಮಧ್ಯೆ ಕೂತು ಬೇಸತ್ತು ಹೋಗ್ತಾಳೆ. ಆದ್ರೆ ದೊಡ್ಡೋರು ಅತ್ತು ಪ್ರಾರ್ಥನೆ ಮಾಡೋದನ್ನ, ಕ್ಷಮೆ ಕೇಳೋದನ್ನ ಮಕ್ಕಳು ಹತ್ತಿರದಿಂದ ನೋಡೋದು ಮನೆ ಸಭೇಲೇ. ಭಾಷೆ ಇನ್ನೊಂದು. ದೊಡ್ಡ ಸಭೆಗಳಲ್ಲಿ ಅಜ್ಜಿ ಕನ್ನಡ ಸರ್ವೀಸಿಗೆ, ಮೊಮ್ಮಗಳು ಇಂಗ್ಲಿಷ್ ಸರ್ವೀಸಿಗೆ, ಒಂದೇ ಕಾಂಪೌಂಡಲ್ಲಿ ಇದ್ದೂ ಒಂದೇ ಹಾಡು ಹಾಡಲ್ಲ. ನನ್ನ ಮಗಳು ಕನ್ನಡ ಬೈಬಲ್ ಓದೋಕೆ ಕಲಿತಿದ್ದು ಆ ಜಮಖಾನದ ಮೇಲೆ, ಸರದಿ ಮೇಲೆ ಒಬ್ಬೊಬ್ರು ಒಂದೊಂದು ವಚನ ಓದೋವಾಗ, ಒತ್ತಕ್ಷರ ತಡವರಿಸಿದ್ರೆ ಗಾರ್ಮೆಂಟ್ಸ್ ಅಕ್ಕ ಬೆರಳಿಟ್ಟು ತೋರಿಸೋರು. ಸುರಕ್ಷತೆ ವಿಷಯದಲ್ಲಿ ಮಾತ್ರ ಎಲ್ಲೂ ಸಡಿಲ ಬಿಡ್ಬೇಡಿ. ಮಕ್ಕಳನ್ನ ಮುಚ್ಚಿದ ಬಾಗಿಲ ಹಿಂದೆ ಒಬ್ಬರೇ ದೊಡ್ಡೋರ ಜೊತೆ ಬಿಡಬಾರದು, ಅದು ಕಟ್ಟಡದಲ್ಲಾಗ್ಲಿ, ಮನೇಲಾಗ್ಲಿ. ಏನಾದ್ರೂ ಆದ್ರೆ "ಸಭೆಯ ಮಾನ" ಅಂತ ಮುಚ್ಚಿಡೋ ಹಾಗಿಲ್ಲ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯೋ 2012ರ ಪೋಕ್ಸೋ ಕಾಯ್ದೆ ಪ್ರಕಾರ ಗೊತ್ತಾದೋರು ತಿಳಿಸಲೇಬೇಕು.

ಅಕ್ಕಪಕ್ಕದೋರ ವಿಷಯ ಮನೆ ಸಭೆಗೆ ಮಾತ್ರ ಬರೋ ತಲೆನೋವು. ನಮ್ಮ ನಂಬಿಕೆ ಪ್ರಕಾರ ಪ್ರಾರ್ಥನೆ ಮಾಡೋ ಹಕ್ಕು ಸಂವಿಧಾನದ 25ನೇ ವಿಧಿಯಲ್ಲಿದೆ. ಆದ್ರೆ ವಸತಿ ಪ್ರದೇಶದಲ್ಲಿ ಶಬ್ದಕ್ಕೆ ಮಿತಿ ಇದೆ, ಹಗಲು 55 ಡೆಸಿಬಲ್, ರಾತ್ರಿ 45. ಬಾಡಿಗೆ ಮನೆ ಹಾಲಲ್ಲಿ ಕೀಬೋರ್ಡು, ಸ್ಪೀಕರ್ ಬಾಕ್ಸು ಇಟ್ಟು ಮೂರು ಗಂಟೆ ಕೂಗಿದ್ರೆ ಕೆಳಗಿನ ಮನೆ ಅಜ್ಜಿಗೆ ನಿಜವಾಗ್ಲೂ ಕಷ್ಟ, ಅದನ್ನ ಹಿಂಸೆ ಅಂತ ಕರೀಬಾರದು ನಾವು. ನಿಜವಾದ ಭಯನೂ ಇದೆ, ಇಲ್ಲ ಅಂತ ಹೇಳಲ್ಲ. 2022ರಲ್ಲಿ ರಾಜ್ಯದಲ್ಲಿ ಮತಾಂತರ ತಡೆ ಕಾಯ್ದೆ ಬಂದಾಗ, ಮತಾಂತರಕ್ಕೆ 30 ದಿನ ಮುಂಚೆ ಜಿಲ್ಲಾಧಿಕಾರಿಗೆ ತಿಳಿಸ್ಬೇಕು ಅನ್ನೋ ನಿಯಮ ಬಂದಾಗ, ಎಷ್ಟೋ ಮನೆ ಪ್ರಾರ್ಥನೆಗಳು ನಿಂತ್ವು. 2023ರ ಜೂನಲ್ಲಿ ಆ ಕಾಯ್ದೆ ರದ್ದು ಮಾಡೋ ತೀರ್ಮಾನ ಕ್ಯಾಬಿನೆಟ್ ಮಾಡ್ತು. ಬೇರೆ ಹಿನ್ನೆಲೆಯಿಂದ ಬಂದು ದೀಕ್ಷಾಸ್ನಾನ ತಗೋಬೇಕು ಅಂತಿರೋರು ಈಗ ಯಾವ ನಿಯಮ ನಡೀತಿದೆ ಅಂತ ವಕೀಲರ ಹತ್ರ ಕೇಳ್ಕೊಂಡೇ ಮುಂದುವರೀರಿ. "ಯಾರಿಗೂ ಹೇಳ್ಬೇಡಿ, ನಾವು ನೋಡ್ಕೋತೀವಿ" ಅನ್ನೋ ಸಭೆ, ಚಿಕ್ಕದಾಗ್ಲಿ ದೊಡ್ಡದಾಗ್ಲಿ, ನಿಮ್ಮನ್ನ ಅಪಾಯಕ್ಕೆ ದೂಡ್ತಿದೆ ಅಂತ ತಿಳ್ಕೊಳ್ಳಿ.

ಹಾಗಾದ್ರೆ ಯಾರು ಎಲ್ಲಿಗೆ ಹೋಗ್ಬೇಕು ಅಂದ್ರೆ, ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಹೊಸದಾಗಿ ನಂಬಿಕೆಗೆ ಬಂದು ಮನೇಲಿ ಒಬ್ರೇ ಆಗಿರೋರು, ವಿಧವೆಯರು, ದೊಡ್ಡ ನೋವಲ್ಲಿರೋರು, ಭಾನುವಾರ ಶಿಫ್ಟ್ ಇರೋರು, ಇವರಿಗೆ ಮನೆ ಸಭೆ. ಇವರಿಗೆ ಸಂದೇಶಕ್ಕಿಂತ ಮೊದಲು ಮನುಷ್ಯರು ಬೇಕು. ಹದಿಹರೆಯದ ಮಕ್ಕಳಿರೋರು, ವಯಸ್ಸಾದ ಅಪ್ಪ ಅಮ್ಮ ಜೊತೇಲಿರೋರು, ಮನೆ ಸಭೇಲಿ ಒಬ್ಬರ ದಬ್ಬಾಳಿಕೆಯಿಂದ ಗಾಯ ಆಗಿರೋರು, ಇವರಿಗೆ ದೊಡ್ಡ ಸಭೆ, ಅದರಲ್ಲೂ ಕಮಿಟಿ, ಲೆಕ್ಕ, ವರ್ಗಾವಣೆ ಇರೋ ಸಭೆ. ಗಾಯ ಆದೋರು ಒಂದು ವರ್ಷ ಹಿಂದಿನ ಬೆಂಚಲ್ಲಿ ಯಾರಿಗೂ ಕಾಣದ ಹಾಗೆ ಕೂತ್ಕೊಂಡ್ರೂ ಪರವಾಗಿಲ್ಲ, ನಾವೂ ಹಂಗೇ ಕೂತಿದ್ವಿ. ನನ್ನನ್ನ ಒಂದು ಕಾಲದಲ್ಲಿ ನೋಯಿಸಿದ ಅದೇ ಗುರುತಿಲ್ಲದಿರುವಿಕೆ ಇನ್ನೊಂದು ಕಾಲದಲ್ಲಿ ಔಷಧಿ ಆಯ್ತು.

ನೋಡೋಕೆ ಹೋಗೋವಾಗ ಒಂದೇ ಭಾನುವಾರ ನೋಡಿ ತೀರ್ಮಾನ ಮಾಡ್ಬೇಡಿ, ಕಮ್ಮಿ ಅಂದ್ರೂ ನಾಲ್ಕು ವಾರ. ದೊಡ್ಡ ಸಭೇಲಿ ಆರಾಧನೆ ಮುಗಿದ ತಕ್ಷಣ ಗಾಡಿ ತೆಗೀಬೇಡಿ, ಅರ್ಧ ಗಂಟೆ ಅಲ್ಲೇ ನಿಂತಿರಿ, ಯಾರು ಯಾರ ಹತ್ರ ಮಾತಾಡ್ತಾರೆ ನೋಡಿ, ಒಳ್ಳೇ ಸೀರೆ ಉಟ್ಟೋರ ಸುತ್ತ ಮಾತ್ರ ಜನ ಇದಾರಾ, ಗೋಡೆ ಪಕ್ಕ ಒಬ್ರೇ ನಿಂತಿರೋ ಅಜ್ಜಿ ಹತ್ರ ಯಾರಾದ್ರೂ ಹೋದ್ರಾ. ಯಾಕೋಬನ ಪತ್ರದ ಎರಡನೇ ಅಧ್ಯಾಯ ಇದೇ ಹೇಳೋದು. ವಾರದ ಮಧ್ಯದ ಪ್ರಾರ್ಥನೆಗೆ ಒಂದ್ಸಲ ಹೋಗಿ, ಭಾನುವಾರ ಎಂಟುನೂರು ಇದ್ದ ಕಡೆ ಬುಧವಾರ ಹತ್ತು ಜನ ಇರ್ತಾರೆ, ಆ ಹತ್ತು ಜನರೇ ನಿಮಗೆ ಬೇಕಾಗಿರೋರು. ಮನೆ ಸಭೇಲಿ, ಅಲ್ಲಿಂದ ಬಿಟ್ಟು ಹೋದೋರ ಬಗ್ಗೆ ಏನು ಮಾತಾಡ್ತಾರೆ ಅಂತ ಕಿವಿಗೊಟ್ಟು ಕೇಳಿ. "ಅವರು ಬಿದ್ದುಹೋದ್ರು" ಅಂದ್ರೆ ಎದ್ದು ಬನ್ನಿ. "ಅವರ ಮನೆ ದೂರ ಆಯ್ತು, ಹೋದ ವಾರ ಹೋಗಿ ನೋಡ್ಕೊಂಡು ಬಂದ್ವಿ" ಅಂದ್ರೆ ಉಳ್ಕೊಳ್ಳಿ.

ಎರಡೂ ಬೇಕು ಅನ್ನೋರು ಭಾನುವಾರ ಒಂದು ಕಡೆ, ವಾರದ ಮಧ್ಯ ಇನ್ನೊಂದು ಕಡೆ ಕದ್ದುಮುಚ್ಚಿ ಹೋಗ್ಬೇಡಿ. ಇಬ್ಬರಿಗೂ ಹೇಳಿ ಹೋಗಿ, ಕಾಣಿಕೆ ಎಲ್ಲಿ, ಸದಸ್ಯತ್ವ ಎಲ್ಲಿ ಅಂತ ಮನಸ್ಸಲ್ಲಿ ಸ್ಪಷ್ಟ ಇರ್ಲಿ. ಇಲ್ಲಾಂದ್ರೆ ಎರಡು ಕಡೆನೂ ಅತಿಥಿಗಳಾಗೇ ಉಳ್ಕೊಂಡ್ಬಿಡ್ತೀರಿ. ನಾವು ಮಾಡಿದ್ದು, ದೊಡ್ಡ ಸಭೇಲಿ ನಮ್ಮ ಏರಿಯಾದ ಆರು ಕುಟುಂಬಗಳನ್ನ ಹುಡುಕಿ ಅಯ್ಯನೋರ ಹತ್ರ ಹೋಗಿ, ಗುರುವಾರ ನಮ್ಮನೇಲಿ ಕೂಡ್ತೀವಿ, ಆಶೀರ್ವಾದ ಮಾಡಿ ಅಂತ ಕೇಳಿದ್ವಿ. ಅವರು ಮೊದಲನೇ ವಾರ ತಾವೇ ಬಂದು ನೆಲದ ಮೇಲೆ ಕೂತ್ರು, ಮಂಡಿ ನೋವಿದ್ರೂ.

ಬಿಟ್ಟು ಹೋಗೋವಾಗ್ಲೂ ಹೇಳಿ ಹೋಗಿ. ವಾಟ್ಸಪ್ ಗುಂಪಿಂದ ಸುಮ್ನೆ ಲೆಫ್ಟ್ ಆಗೋದು ಬೇಡ, ಇಪ್ಪತ್ತು ಜನರ ಸಭೇಲಿ ಒಂದು ಕುಟುಂಬ ಕಾಣೆಯಾದ್ರೆ ಅದು ಸಾವಿನಷ್ಟೇ ನೋವು ಕೊಡುತ್ತೆ. ನಾವು ಅಂಕಲ್ ಮನೆಗೆ ಹೋಗಿ, ಮಗಳು ದೊಡ್ಡೋಳಾಗ್ತಿದಾಳೆ, ಅಮ್ಮನೂ ನಮ್ಮ ಜೊತೆ ಬಂದಿದಾರೆ, ದೊಡ್ಡ ಸಭೆಗೆ ಹೋಗೋಣ, ಗುರುವಾರ ಮನೇಲಿ ಪ್ರಾರ್ಥನೆ ಇಟ್ಕೊಳ್ಳೋಣ ಅಂತಿದೀವಿ ಅಂತ ಹೇಳೋವಾಗ ನನಗೆ ಮಾತು ಬರ್ತಿರ್ಲಿಲ್ಲ. ಅಂಕಲ್ ಸ್ವಲ್ಪ ಹೊತ್ತು ಸುಮ್ನಿದ್ರು, ಆಂಟಿ ಕಾಫಿ ತಂದ್ರು. ಆಮೇಲೆ ಅಂಕಲ್ ಕೇಳಿದ್ರು, "ಗುರುವಾರ ಎಷ್ಟು ಗಂಟೆಗಮ್ಮ ನಿಮ್ಮಲ್ಲಿ ಪ್ರಾರ್ಥನೆ? ಜಮಖಾನ ಸಾಕಾಗುತ್ತಾ, ಇಲ್ಲಿಂದ ಒಂದು ಕಳಿಸ್ಲಾ?"